ಕೇಳುವ ಮೊದಲೇ

ಯಾರೋ ಖಾಲಿ ಕಪ್ಪನ್ನು ಹಿಂದಕ್ಕೆ ಚಾಚಿದರು, ಸುಮಿತ್ರಾ ತೆಗೆದುಕೊಂಡಳು. ತೆಗೆದುಕೊಂಡ ಮೇಲೆ ಹೊಳೆಯಿತು, ತಾನು ಇಲ್ಲಿಗೆ ಕಪ್ಪು ಎತ್ತಲು ಬಂದವಳಲ್ಲ ಎಂದು. ಚಾಚಿದ ಮನುಷ್ಯ ಅವಳ ಮುಖ ಕೂಡ ನೋಡಿರಲಿಲ್ಲ. ಪಕ್ಕದವನ ಜೊತೆ ಸಂಜೆಯ ಹೈದರಾಬಾದ್ ರೈಲಿನ ಮಾತಾಡುತ್ತಲೇ ಕೈ ನೀಡಿದ್ದ. ಹಿಂದೆ ಯಾರಾದರೂ ಇದ್ದೇ ಇರುತ್ತಾರೆ ಎಂಬ ನಂಬಿಕೆಯಲ್ಲೇ ತಲೆ ನರೆತವನು. ಈಗ ಈ ಎಂಜಲು ಕಪ್ಪನ್ನು ಏನು ಮಾಡುವುದು? ವಾಪಸು ಕೊಡುವುದೆ? ಮಂಗಳಗಿರಿ ಸೀರೆಯ ನೆರಿಗೆ ಒಂದು ಕೈಯಲ್ಲಿ, ಕಪ್ಪು ಇನ್ನೊಂದು ಕೈಯಲ್ಲಿ, ಅವಳು ತನ್ನ ಕುರ್ಚಿ ಹುಡುಕಿದಳು. ವಿಜಯವಾಡದ ಆ ಹೋಟೆಲ್ಲಿನ ಸಭಾಂಗಣದಲ್ಲಿ ಉದ್ದನೆಯ ಮೇಜಿಗೆ ಬಿಳಿ ಬಟ್ಟೆ ಹಾಸಿದ್ದರು. ಪ್ರತಿ ಕುರ್ಚಿಯ ಎದುರು ಒಂದು ನೀರಿನ ಬಾಟಲಿ, ಒಂದು ಫಲಕ. ಎಲ್ಲರ ಫಲಕದಲ್ಲೂ ಹೆಸರಿತ್ತು. ಅವಳದರಲ್ಲಿ ‘ನರ್ಸಿಂಗ್ ಪ್ರತಿನಿಧಿ’ ಎಂದಷ್ಟೇ. ಯಾರು ಬಂದರೂ ನಡೆಯುತ್ತದೆ ಎಂದು ಅಚ್ಚು ಹಾಕಿಸಿದ್ದಿರಬೇಕು. ಕಪ್ಪನ್ನು ಫಲಕದ ಪಕ್ಕ ಇಟ್ಟು ಕೂತಳು. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು, ಕಪ್ಪು ಇಡುವ ಜಾಗ ಅದೇ ಎಂದುಕೊಂಡು, ತಮ್ಮದನ್ನೂ ತಂದು ಅಲ್ಲಿಟ್ಟು ಹೋದರು. ಬೇರರ್‌ನನ್ನು ಕರೆದು ಇದನ್ನೆಲ್ಲ ತೆಗಿ ಎನ್ನುವುದಕ್ಕೆ ಅವಳಿಗೆ ಬಾಯಿ ಬರಲಿಲ್ಲ. ಇಡೀ ವಾರ್ಡನ್ನು ಗದರಿಸುವ ಹೆಡ್ ನರ್ಸ್ ಒಬ್ಬ ಬೇರರ್‌ನನ್ನು ಕರೆಯಲಾರದೆ ಎರಡು ಎಂಜಲು ಕಪ್ಪುಗಳ ಹಿಂದೆ ಕೂತಿದ್ದಳು.

ಆರೋಗ್ಯ ನೀತಿಯ ಕರಡು ಸಮಿತಿ ಎಂದು ಆಹ್ವಾನದಲ್ಲಿತ್ತು. ರಾಜ್ಯ ಎರಡಾದ ಮೇಲೆ ಕಚೇರಿಗಳೇನೋ ಇತ್ತ ಬಂದಿದ್ದವು, ಕಚೇರಿಯವರ ಸಂಸಾರಗಳು ಹೈದರಾಬಾದಿನಲ್ಲೇ ಉಳಿದಿದ್ದವು. ಹಾಗಾಗಿ ಶುಕ್ರವಾರ ಮಧ್ಯಾಹ್ನದ ಸಭೆ ಎಂದರೆ ಎಲ್ಲರ ಒಂದು ಕಣ್ಣು ಗಡಿಯಾರದ ಮೇಲೆ, ಮೇಜಿನ ಕೆಳಗೆ ಎಲ್ಲರ ಪ್ರಯಾಣದ ಚೀಲ. ಸುಮಿತ್ರಾ ಹಿಂದಿನ ದಿನವೇ ವಿಶಾಖಪಟ್ಟಣದಿಂದ ಬಂದು ಆಟೋನಗರದಲ್ಲಿ ಗಂಡನ ತಮ್ಮ ರಾಮ್‌ಪ್ರಸಾದನ ಮನೆಯಲ್ಲಿ ಇಳಿದುಕೊಂಡಿದ್ದಳು. ಬೆಳಿಗ್ಗೆ ಎದ್ದಾಗಿನಿಂದ, ಪಕ್ಕದ ಶೆಡ್ಡಿನಲ್ಲಿ ಲಾರಿಯ ತಗಡು ಬಡಿಯುವ ಸದ್ದಿನ ನಡುವೆ, ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿದ್ದಳು. ರಾತ್ರಿ ಪಾಳಿಯಲ್ಲಿ ಒಂದು ವಾರ್ಡಿಗೆ ಇಬ್ಬರು ನರ್ಸುಗಳು ಇರಲೇಬೇಕು. ತೆಲುಗಿನಲ್ಲಿ ಹೇಳಿಕೊಂಡಳು, ಇಂಗ್ಲಿಷಿನಲ್ಲಿ ಹೇಳಿಕೊಂಡಳು, ಸ್ನಾನದ ಮನೆಯಲ್ಲಿ ತನ್ನ ಹೊಸಪೇಟೆಯ ಕನ್ನಡದಲ್ಲೂ ಒಮ್ಮೆ ಹೇಳಿಕೊಂಡಳು. ಅಲ್ಲಿ ಯಾರಿಗೂ ಬೇಕಿಲ್ಲದ ಆ ಭಾಷೆಯಲ್ಲೇ ಅದು ಗಟ್ಟಿಯಾಗಿ ಕೇಳಿಸಿತು.

ಬೇರೆ ಏನೂ ಹೇಳಬೇಡಿ ಎಂದಿದ್ದವಳು ಹಿಮಬಿಂದು. ಗುತ್ತಿಗೆಯ ಮೇಲೆ ಇರುವ ನರ್ಸು, ತಾಯಿ ಕಡೆಯಿಂದ ಕನ್ನಡದವಳು; ಮನೆಯಲ್ಲಿ ಅಜ್ಜಿ ಹೋದ ಮೇಲೆ ಕನ್ನಡ ಆಡಲು ಅವಳಿಗೆ ಉಳಿದಿದ್ದವಳು ಸುಮಿತ್ರಾ ಒಬ್ಬಳೇ. ಹೊರಡುವ ಹಿಂದಿನ ದಿನ ನರ್ಸುಗಳ ಕೋಣೆಯಲ್ಲಿ ಎಲ್ಲರೂ ಸುಮಿತ್ರಾಳನ್ನು ಸುತ್ತುವರಿದು ತಮ್ಮ ತಮ್ಮ ಸಂಕಟ ಒಪ್ಪಿಸುತ್ತಿದ್ದಾಗ, ಸಮವಸ್ತ್ರದ ಭತ್ಯೆ, ಶೌಚಾಲಯದ ಚಿಲಕ, ಬಡ್ತಿ, ಇವಳು ಮಾತ್ರ ಮೂಲೆಯಲ್ಲಿ ನಿಂತಿದ್ದು, ಎಲ್ಲರೂ ಹೋದ ಮೇಲೆ ಬಂದಳು.

"ಅಕ್ಕಾ, ಅವೆಲ್ಲ ಹೇಳ್ಬೇಡಿ. ಹತ್ತು ಕೇಳಿದ್ರೆ ಅವ್ರು ಚಿಕ್ಕದೊಂದು ಕೊಟ್ಟು ಕಳಿಸ್ಬಿಡ್ತಾರೆ. ಒಂದೇ ಕೇಳಿ. ರಾತ್ರಿ ಒಂದು ವಾರ್ಡಿಗೆ ಇಬ್ರು. ಇರ್ಬೇಕು ಅಲ್ಲ ಅಕ್ಕಾ, ಇರ್ಲೇಬೇಕು."

"ಹೇಳ್ತೀನವ್ವಾ."

"ಹಾಗಲ್ಲ, ಆಣೆ ಮಾಡಿ," ಎಂದು ಅಂಗೈ ಚಾಚಿದ್ದಳು. ಸುಮಿತ್ರಾ ನಗುತ್ತ ಅದರ ಮೇಲೆ ತನ್ನ ಕೈ ಇಟ್ಟಿದ್ದಳು. ಹಿಮಬಿಂದು ನಕ್ಕಿರಲಿಲ್ಲ. ಅವಳ ಕೂದಲು ಈಗ ಕುತ್ತಿಗೆಯವರೆಗೆ ಮಾತ್ರ. ಮೊಣಕಾಲು ಮುಟ್ಟುವ ಜಡೆ ಇತ್ತು ಹುಡುಗಿಗೆ, ರೋಗಿಗಳು ಕೂಡ ಅದನ್ನು ನೋಡಿ ಹೊಗಳುತ್ತಿದ್ದರು. ಸಂಕ್ರಾಂತಿಯ ವಾರ, ರಜೆಯ ಮೇಲೆ ಅರ್ಧ ಜನ ಊರಿಗೆ ಹೋಗಿದ್ದಾಗ, ಕಾರಿಡಾರಿನ ಈಚೆಯ ವಾರ್ಡು ಆಚೆಯ ವಾರ್ಡು ಎರಡಕ್ಕೂ ಅವಳೊಬ್ಬಳೇ. ಈಚೆ ಒಬ್ಬನಿಗೆ ಡ್ರಿಪ್ ಹಾಕುತ್ತಿದ್ದಾಗ ಆಚೆ ಒಬ್ಬ ಮುದುಕ ಮೂಗಿನ ಆಮ್ಲಜನಕದ ನಳಿಗೆ ಕಿತ್ತುಕೊಂಡು ಸತ್ತುಹೋದ. ಅವನ ಮಕ್ಕಳು ಬಂದು ಇವಳ ಜಡೆ ಹಿಡಿದು ಕಾರಿಡಾರಿಗೆ ಎಳೆದರು. ಮರುದಿನದ ವಿಚಾರಣೆಯಲ್ಲಿ ಕೂತವರೆಲ್ಲ ಡಾಕ್ಟರುಗಳು. ಹಿಮಬಿಂದು ನಿಂತಿದ್ದಳು, ಅವಳ ಹಿಂದೆ ಸುಮಿತ್ರಾ ನಿಂತಿದ್ದಳು, ಅವರಿಬ್ಬರಿಗೂ ಕುರ್ಚಿ ಹಾಕಬೇಕೆಂದು ಯಾರಿಗೂ ತೋಚಿರಲಿಲ್ಲ. ಆ ಹೊತ್ತಿಗೆ ಎಲ್ಲಿದ್ದೆ ಎಂದು ಕೇಳಿದರು. ವಾರ್ಡಿನಲ್ಲೇ ಇದ್ದೆ ಎಂದಳು. ಯಾವ ವಾರ್ಡು ಎಂದರು. ನನ್ನ ವಾರ್ಡು ಎಂದಳು. ಎರಡೂ ಅವಳದೇ ವಾರ್ಡು, ಇನ್ನೇನು ಹೇಳಬೇಕಿತ್ತು? ಉದ್ಧಟತನದ ಉತ್ತರ ಎಂದು ಬರೆದುಕೊಂಡರು. ಆಮೇಲೆ ಒಂದು ದಿನ ಕೂದಲು ಕತ್ತರಿಸಿಕೊಂಡು ಬಂದಳು. ತಿರುಪತಿಯ ಹರಕೆ ಎಂದು ಎಲ್ಲರಿಗೂ ಹೇಳಿದಳು. ಎಲ್ಲರೂ ನಂಬಿದಂತೆ ಮಾಡಿದರು. ಹರಕೆಯಾದರೆ ತಲೆ ಬೋಳಿಸುತ್ತಾರೆ, ಕೈಗೆ ಸಿಗದ ಹಾಗೆ ಮೋಟು ಮಾಡಿಕೊಳ್ಳುವುದಿಲ್ಲ ಎಂಬುದು ಯಾರಿಗೆ ಗೊತ್ತಿಲ್ಲ!

ಬಾಗಿಲು ತೆರೆಯಿತು. ಸಮಿತಿಯ ಅಧ್ಯಕ್ಷರಾದ ಡಾಕ್ಟರ್ ಶೇಷಗಿರಿ ಒಳಗೆ ಬಂದರು. ಸುಮಿತ್ರಾ ಎದ್ದು ನಿಂತಿದ್ದಳು. ನಿಂತ ಮೇಲೆ ಸುತ್ತ ನೋಡಿದರೆ ಉಳಿದವರೆಲ್ಲ ಕೂತೇ ಇದ್ದರು, ಒಂದಿಬ್ಬರು ಕೂತಲ್ಲಿಂದಲೇ ಕೈ ಎತ್ತಿ ನಮಸ್ಕಾರ ಎಂದರು. ಬಣ್ಣದ ಸೀರೆ ಉಟ್ಟರೇನು, ಕಾಲು ಮಾತ್ರ ಬಿಳಿ ಸಮವಸ್ತ್ರದ್ದೇ. ಈಗ ಕೂರುವುದೋ ನಿಂತೇ ಇರುವುದೋ ತಿಳಿಯದೆ ಬಾಟಲಿ ಸರಿಸುವವಳಂತೆ ಬಗ್ಗಿದಳು. ಡಾಕ್ಟರು ನೇರ ಅವಳ ಹತ್ತಿರವೇ ಬಂದರು.

"ಬಂದ್ರೇನ್ರಿ ಸಿಸ್ಟರ್? ಅಷ್ಟು ದೂರ ಯಾಕ ಕೂತೀರಿ, ಬರ್ರಿ, ಇಲ್ಲೇ ನನ್ನ ಬಾಜೂಕ ಕೂಡ್ರಿ."

"ಇರ್ಲಿ ಬಿಡ್ರಿ ಸರ್."

"ಏ ಬರ್ರಿ. ನಿಮ್ಮನ್ನ ನಾ ಕರಿಸೇನಿ ಅಂತ ಎಲ್ಲಾರಿಗೂ ಗೊತ್ತಾಗ್ಲಿ."

ಧಾರವಾಡದವರು. ಇಪ್ಪತ್ತು ವರ್ಷ ಅವರ ಆಪರೇಷನ್ ಥಿಯೇಟರಿನಲ್ಲಿ ಅವಳು ಕೆಲಸ ಮಾಡಿದ್ದಳು, ಅವರು ನಿವೃತ್ತರಾಗುವವರೆಗೆ. ಎಲ್ಲರ ಜೊತೆ ತೆಲುಗು, ಇಂಗ್ಲಿಷು; ಏನಾದರೂ ಕೆಲಸ ಆಗಬೇಕಾದಾಗ ಮಾತ್ರ ಅವಳ ಜೊತೆ ಕನ್ನಡ. ಭಾನುವಾರ ಬರಬೇಕಾದಾಗ, ಪಾಳಿ ಮುಗಿದ ಮೇಲೂ ನಿಲ್ಲಬೇಕಾದಾಗ, ಏನ್ರಿ ಸಿಸ್ಟರ್ ಎಂದು ಶುರುವಾಗುತ್ತಿತ್ತು. ಗಂಡ ದುರ್ಗಾಪ್ರಸಾದ್ ಫೋನಿನ ಈ ಕಡೆಯಿಂದ ಕನ್ನಡ ಕೇಳಿದೊಡನೆ, ಹೋಯಿತು ನಮ್ಮ ಸಿನಿಮಾ, ಎಂದು ಅಂಗಿ ಬಿಚ್ಚಿ ಮೊಳೆಗೆ ಹಾಕುತ್ತಿದ್ದ. ಆದರೂ ಆ ಕನ್ನಡ ಬಂದಾಗ ಅವಳಿಗೆ ಖುಷಿಯಾಗುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಿಲ್ಲ. ಈಗಲೂ ಆಯಿತು. ಎರಡು ಕಪ್ಪುಗಳನ್ನು ಅಲ್ಲೇ ಬಿಟ್ಟು, ಫಲಕ ಎತ್ತಿಕೊಂಡು ಹೋಗಿ, ಡಾಕ್ಟರ ಎರಡೂ ಪಕ್ಕ ಕುರ್ಚಿ ಖಾಲಿ ಇದ್ದರೂ ಅವರ ಬಲಗಡೆಯೇ ಕೂತಳು. ಕೂತ ಮೇಲೆ ಅವರ ಬಲಗೈಗೂ ತನಗೂ ನಡುವಿನ ಅಂತರ ಅವಳ ಮೈಗೆ ಗುರುತು ಸಿಕ್ಕಿತು.

ಥಿಯೇಟರಿನಲ್ಲಿ ಅವರು ಕೇಳುತ್ತಿರಲಿಲ್ಲ. ಮೊದಲ ಒಂದೆರಡು ವರ್ಷ ಕತ್ತರಿ, ಚಿಮಟ, ಸೂಜಿ ಎಂದು ಹೆಸರು ಹೇಳುತ್ತಿದ್ದರು, ಆಮೇಲೆ ಅದೂ ನಿಂತುಹೋಯಿತು. ಕಣ್ಣು ಗಾಯದ ಮೇಲೆ, ಬಲಗೈ ಪಕ್ಕಕ್ಕೆ, ಅಂಗೈ ಮೇಲಕ್ಕೆ. ಆ ಅಂಗೈಯ ಬಾಗು ನೋಡಿ ಅವಳಿಗೆ ಗೊತ್ತಾಗುತ್ತಿತ್ತು, ಈಗ ಕತ್ತರಿಸುವುದೋ, ಹಿಡಿಯುವುದೋ, ಹೊಲಿಯುವುದೋ. ಉಪಕರಣ ಅಂಗೈಗೆ ತಟ್ಟಿದ ಕೂಡಲೆ ಬೆರಳು ಮುಚ್ಚಿಕೊಳ್ಳುತ್ತಿದ್ದವು. ಅವರು ಕೇಳುವ ಮೊದಲೇ ಕೊಡುತ್ತಾಳೆ ಎಂದು ಆಸ್ಪತ್ರೆಯಲ್ಲೆಲ್ಲ ಹೆಸರಾಗಿತ್ತು. ಒಮ್ಮೆ ಅವಳಿಗೆ ಜ್ವರ ಬಂದು ಕೋಟೇಶ್ವರಮ್ಮ ಎಂಬ ಇನ್ನೊಬ್ಬಳು ನಿಂತಾಗ ಡಾಕ್ಟರು ಚಿಮಟವನ್ನು ಗೋಡೆಗೆ ಎಸೆದು ‘ಸುಮಿತ್ರಾನ್ನ ಕರೀರಿ’ ಎಂದು ಕೂಗಿದ್ದರಂತೆ. ಕೋಟೇಶ್ವರಮ್ಮ ಬಾತ್‌ರೂಮಿನಲ್ಲಿ ಅತ್ತಳು. ಆ ಸುದ್ದಿ ಕೇಳಿ ಜ್ವರದಲ್ಲಿ ಮಲಗಿದ್ದ ಸುಮಿತ್ರಾಗೆ ಕೋಟೇಶ್ವರಮ್ಮನ ಬಗ್ಗೆ ಮರುಕ ಹುಟ್ಟುವ ಮುಂಚೆ ಹೆಮ್ಮೆ ಹುಟ್ಟಿತ್ತು. ಛೀ ಎಂಥವಳು ನೀನು ಎಂದು ತನ್ನನ್ನೇ ಬೈದುಕೊಂಡಳು, ಆದರೆ ಹೆಮ್ಮೆ ಹೋಗಲಿಲ್ಲ. ಆಪರೇಷನ್ ಆದ ಮೇಲೆ ಬರೆಯುವ ಟಿಪ್ಪಣಿಯಲ್ಲಿ ಡಾಕ್ಟರ ಹೆಸರು, ಅವರ ಶಿಷ್ಯರ ಹೆಸರು, ಅರಿವಳಿಕೆಯವರ ಹೆಸರು. ಅವಳ ಹೆಸರಿಗೆ ಅಲ್ಲಿ ಜಾಗವೇ ಇರಲಿಲ್ಲ. ಎಲ್ಲಾದರೂ ಒಂದು ಕಡೆ, ಒಂದೇ ಒಂದು ಕಾಗದದಲ್ಲಿ, ಇದು ಸುಮಿತ್ರಾ ಮಾಡಿದ್ದು ಎಂದು ಬರೆಯಬಾರದೆ ಎಂದು ಅವಳಿಗೆ ಆಸೆಯಿತ್ತು. ಇಂಥ ಆಸೆಗಳು ಸುಮ್ಮನೆ ಹೋಗುವುದಿಲ್ಲ, ಯಾವತ್ತೋ ಒಂದು ದಿನ ಬಂದು ನಿಂತುಕೊಳ್ಳುತ್ತವೆ.

ಕರಡು ಎದುರಿನ ಗೋಡೆಯ ಮೇಲೆ ಮೂಡಿತು. ಅರ್ಪಿತಾ ಎಂಬ ಸಲಹೆಗಾರ್ತಿ ಹುಡುಗಿ ಲ್ಯಾಪ್‌ಟಾಪಿನಲ್ಲಿ ಬರೆದಂತೆಲ್ಲ ಗೋಡೆಯ ಮೇಲೆ ಅಕ್ಷರ ಮೂಡುತ್ತಿತ್ತು, ಅಳಿಸಿದಂತೆಲ್ಲ ಅಳಿಯುತ್ತಿತ್ತು. ಕಟ್ಟಡಗಳ ವಿಷಯ ಬಂತು, ಯಂತ್ರಗಳ ವಿಷಯ ಬಂತು. ಖಾಸಗಿ ಆಸ್ಪತ್ರೆಗಳ ಪರವಾಗಿ ಬಂದಿದ್ದ, ಕೈತುಂಬ ಉಂಗುರದ ಒಬ್ಬರು ಸ್ಕ್ಯಾನಿಂಗ್ ಯಂತ್ರದ ಬಗ್ಗೆ ಬಹಳ ಹೊತ್ತು ಮಾತಾಡಿದರು. ಮೊದಲ ಕಪ್ಪು ಚಾಚಿದವರು ಹಣಕಾಸಿನ ಇಲಾಖೆಯವರು ಎಂದು ಈಗ ತಿಳಿಯಿತು. ಅವರು ಪ್ರತಿಯೊಂದಕ್ಕೂ ನೋಡೋಣ ನೋಡೋಣ ಎಂದರು. ಸುಮಿತ್ರಾ ಗೋಡೆ ನೋಡುತ್ತಿದ್ದಳು, ಕಣ್ಣಿಗೆ ಕಟ್ಟಿದ್ದು ಮಾತ್ರ ತನ್ನ ಆಸ್ಪತ್ರೆಯ ಉಗ್ರಾಣದ ಕಿಟಕಿ. ಕೈಗವಸು ಬೇಕೆಂದು ಬರೆದುಕೊಟ್ಟರೆ ಆ ಕಿಟಕಿಯಿಂದ ಚೀಟಿ ವಾಪಸು ಬರುತ್ತಿತ್ತು, ಮೇಲೊಂದು ನೀಲಿ ಮುದ್ರೆ: ಸಬ್ಜೆಕ್ಟ್ ಟು ಅವೈಲಬಿಲಿಟಿ. ಇದ್ದರೆ ಕೊಡುತ್ತೇವೆ ಎಂದು ಅದರ ಅರ್ಥ. ಅಂದರೆ ಕೊಡುವುದಿಲ್ಲ ಎಂದು. ಹತ್ತಿಗೂ ಅದೇ ಮುದ್ರೆ, ಹಾಸಿಗೆಯ ಬಟ್ಟೆಗೂ ಅದೇ. ನರ್ಸುಗಳಿಗೆ ಅದೊಂದು ನಗೆಮಾತಾಗಿತ್ತು. ಊಟದ ಡಬ್ಬಿಯಲ್ಲಿ ಮೀನು ಇದೆಯಾ ಎಂದರೆ ಸಬ್ಜೆಕ್ಟ್ ಟು ಅವೈಲಬಿಲಿಟಿ. ರಜೆ ಸಿಕ್ಕಿತಾ? ಅದೇ ಉತ್ತರ. ಮದುವೆ ಯಾವಾಗಮ್ಮಾ ಎಂದು ಯಾರೋ ರೋಗಿ ಕೇಳಿದ್ದಕ್ಕೆ ಹಿಮಬಿಂದು, ಜಡೆ ಇದ್ದ ಕಾಲದ ಹಿಮಬಿಂದು, ಗಂಡು ಸಬ್ಜೆಕ್ಟ್ ಟು ಅವೈಲಬಿಲಿಟಿ ಎಂದು ಇಡೀ ವಾರ್ಡನ್ನು ನಗಿಸಿದ್ದಳು.

"ನರ್ಸಿಂಗ್ ಪ್ರತಿನಿಧಿಗಳು ಏನಾದರೂ ಹೇಳುವುದಿದೆಯಾ ಅಂಡಿ?" ಎಂದು ಯಾರೋ ತೆಲುಗಿನಲ್ಲಿ ಕೇಳಿದರು. ಕೇಳಿದ ರೀತಿಯಲ್ಲೇ ಇಲ್ಲ ಎಂಬ ಉತ್ತರ ಇತ್ತು.

ಸುಮಿತ್ರಾ ಎದ್ದು ನಿಂತಳು. ಕೂತೇ ಮಾತಾಡಬಹುದು ಎಂದು ಅರ್ಪಿತಾ ಮೆಲ್ಲಗೆ ಅಂದದ್ದು ಕೇಳಿಸಿತು, ಆದರೆ ಕೂತರೆ ಮಾತು ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹೇಳಿದಳು. ಬೆಳಿಗ್ಗೆಯಿಂದ ಉರು ಹೊಡೆದದ್ದಕ್ಕಿಂತ ಚೆನ್ನಾಗಿ ಬಂತು. ರಾತ್ರಿ ಪಾಳಿಯಲ್ಲಿ ಒಂದು ವಾರ್ಡಿಗೆ ಇಬ್ಬರು ನರ್ಸುಗಳು ಇರಲೇಬೇಕು, ಎರಡು ವಾರ್ಡುಗಳನ್ನು ಒಬ್ಬರ ಮೇಲೆ ಹಾಕಕೂಡದು. ಅಷ್ಟು ಹೇಳಿ ನಿಲ್ಲಿಸಬೇಕಿತ್ತು, ನಿಲ್ಲಲಿಲ್ಲ. ನಮ್ಮ ಒಬ್ಬ ಹುಡುಗಿಯನ್ನು ಜಡೆ ಹಿಡಿದು ಎಳೆದರು ಸರ್, ಅವಳು ಪಕ್ಕದ ವಾರ್ಡಿನಲ್ಲಿ ಇನ್ನೊಬ್ಬನ ಜೀವ ಉಳಿಸುತ್ತಿದ್ದಳು, ಎಂದಳು. ಅರ್ಪಿತಾ ಯಾರನ್ನೂ ಕೇಳದೆ ಬರೆಯತೊಡಗಿದಳು, ಗೋಡೆಯ ಮೇಲೆ ಒಂದೊಂದೇ ಅಕ್ಷರ ಮೂಡಿ ಇಡೀ ವಾಕ್ಯ ನಿಂತಿತು. ಇರಲೇಬೇಕು. ಅಷ್ಟು ದೊಡ್ಡ ಅಕ್ಷರದಲ್ಲಿ ತನ್ನ ಮಾತನ್ನು ಅವಳು ಯಾವತ್ತೂ ನೋಡಿರಲಿಲ್ಲ. ಹಿಮಬಿಂದು ಇಲ್ಲಿರಬೇಕಿತ್ತು ಎಂದುಕೊಂಡಳು. ಕಣ್ಣು ತುಂಬಿ ಬಂತು, ಬಾಟಲಿ ತೆರೆದು ನೀರು ಕುಡಿದಳು.

ಹಣಕಾಸಿನವರು ಗಂಟಲು ಸರಿ ಮಾಡಿಕೊಂಡರು. ಭಾವನೆ ಅರ್ಥವಾಗುತ್ತದೆ ಮೇಡಂ ಗಾರು, ಆದರೆ ಈ ‘ಲೇಬೇಕು’ ಇದೆಯಲ್ಲ, ಇದನ್ನು ಬರೆದರೆ ನಾಳೆ ಯಾರಾದರೂ ಕೋರ್ಟಿಗೆ ಹೋಗುತ್ತಾರೆ. ಉಂಗುರದವರು, ಸಣ್ಣ ಆಸ್ಪತ್ರೆಗಳು ಬಾಗಿಲು ಹಾಕಬೇಕಾಗುತ್ತದೆ, ಎಂದರು. ಆಶ್ಚರ್ಯವೆಂದರೆ ಡಾಕ್ಟರ್ ಶೇಷಗಿರಿ ಅವಳ ಪರವಾಗಿ ನಿಂತರು. ಈ ಮಾತು ಇರಲೇಬೇಕು, ನರ್ಸುಗಳ ಮಾತನ್ನು ನಾವು ಯಾವಾಗಲೂ ಕೇಳುವುದಿಲ್ಲ, ಎಂದು ಮೇಜು ತಟ್ಟಿದರು. ಅವರು ಸುಳ್ಳಾಡುತ್ತಿರಲಿಲ್ಲ, ಆ ಕ್ಷಣಕ್ಕೆ ನಿಜವಾಗಿಯೂ ಹಾಗನ್ನಿಸಿತ್ತು ಅವರಿಗೆ. ಒಳ್ಳೆಯವರು ಹೀಗೆಯೇ. ಸುಮಿತ್ರಾಗೆ ಅವರ ಕಾಲು ಮುಟ್ಟಬೇಕು ಅನ್ನಿಸಿತು. ವಾದ ಅಲ್ಲಿಂದ ಇಲ್ಲಿಗೆ ಇಲ್ಲಿಂದ ಅಲ್ಲಿಗೆ ಓಡಾಡಿತು. ಒಬ್ಬರು ಫೋನು ತೆಗೆದು ಸ್ಟೇಷನ್ನಿಗೆ ಎಷ್ಟು ಟ್ರಾಫಿಕ್ ಇದೆ ಎಂದು ನೋಡಿದರು, ನೋಡಿ ಪಕ್ಕದವರಿಗೆ ತೋರಿಸಿದರು. ಮೇಜಿನ ಕೆಳಗೆ ಚೀಲಗಳ ಜಿಪ್ಪು ಎಳೆದ ಸದ್ದಾಯಿತು. ಒಂದು ಮಧ್ಯದ ದಾರಿ ಹೇಳಿ ಸರ್, ಮುಗಿಸಿಬಿಡೋಣ, ಎಂದರು ಹಣಕಾಸಿನವರು.

"ಇಬ್ಬರು ಇರಬೇಕು ಅನ್ನೋದು ಹಾಗೇ ಇರಲಿ," ಎಂದರು ಡಾಕ್ಟರು, ಗೋಡೆಯ ಮೇಲೆ ಕಣ್ಣು ನೆಟ್ಟು. "ಅದರ ಜೊತೆಗೆ ಏನಾದರೂ... ಅಂದರೆ ಸರ್ಕಾರಕ್ಕೂ ಕಷ್ಟ ಆಗದ ಹಾಗೆ... ಏನಂತಾರೆ ಅದಕ್ಕೆ..."

ಅವರ ಬಲಗೈ ಪಕ್ಕಕ್ಕೆ ಬಂತು. ಅಂಗೈ ಮೇಲಕ್ಕೆ. ಬೆರಳು ಸ್ವಲ್ಪ ಬಾಗಿದ್ದವು. ಕಣ್ಣು ಗೋಡೆ ಬಿಟ್ಟು ಅಲುಗಲಿಲ್ಲ. ಏಸಿಯ ಗಾಳಿ ಥಿಯೇಟರಿನ ಗಾಳಿಯ ಹಾಗೆ ತಣ್ಣಗೆ ಕುತ್ತಿಗೆಗೆ ತಾಗುತ್ತಿತ್ತು. ಆ ಅಂಗೈ ಖಾಲಿ ಇತ್ತು. ಖಾಲಿ ಅಂಗೈಯನ್ನು ಅಷ್ಟು ಹೊತ್ತು ಖಾಲಿ ಬಿಟ್ಟದ್ದು ಅವಳಿಗೆ ನೆನಪಿಲ್ಲ.

"ಸಬ್ಜೆಕ್ಟ್ ಟು ಅವೈಲಬಿಲಿಟಿ, ಸರ್," ಎಂದಳು ಸುಮಿತ್ರಾ.

ಬೆರಳುಗಳು ಮುಚ್ಚಿಕೊಂಡವು. "ಹಾಂ, ಅದೇ!" ಎಂದರು ಡಾಕ್ಟರು. ಹಣಕಾಸಿನವರು ನಕ್ಕುಬಿಟ್ಟರು, ಉಂಗುರದವರು ಮೇಜು ತಟ್ಟಿದರು, ಇಡೀ ಕೋಣೆ ಉಸಿರು ಬಿಟ್ಟಿತು. ಅರ್ಪಿತಾ ಒಮ್ಮೆ ಸುಮಿತ್ರಾಳ ಮುಖ ನೋಡಿ, ಆಮೇಲೆ ಬರೆದಳು. ಗೋಡೆಯ ಮೇಲಿನ ‘ಇರಲೇಬೇಕು’ ಅಳಿಯಿತು, ‘ಇರಬೇಕು’ ಆಯಿತು, ಅದರ ಹಿಂದೆ ಉಗ್ರಾಣದ ಕಿಟಕಿಯ ಮುದ್ರೆ ಬಂದು ಕೂತಿತು. ಇದೆಲ್ಲ ಆಗಲು ಹಿಡಿದ ಹೊತ್ತಿನಲ್ಲಿ ಸುಮಿತ್ರಾಗೆ ಏನು ಮಾಡಿದೆನೆಂದು ತಿಳಿದಿರಲಿಲ್ಲ. ನಿಜ ಹೇಳಬೇಕೆಂದರೆ ಮೊದಲು ಬಂದದ್ದು ಸಂತೋಷ. ಇಷ್ಟು ವರ್ಷದ ಮೇಲೂ ಕೈ ತಪ್ಪಿಲ್ಲ ಎಂಬ ಸಂತೋಷ. ಅದು ಎದೆಯಲ್ಲಿ ಸಣ್ಣಗೆ ಬೆಚ್ಚಗಾಗಿ, ಅದರ ಬೆನ್ನಿಗೇ ಹಿಮಬಿಂದುವಿನ ಮೋಟು ಕೂದಲು ಕಂಡಿತು.

"ಇನ್ನೊಂದು ಮಾತು," ಎಂದರು ಡಾಕ್ಟರು ಎಲ್ಲರಿಗೂ ಕೇಳುವಂತೆ. "ಈ ಪದ ಕೊಟ್ಟದ್ದು ನಾನಲ್ಲ. ನರ್ಸುಗಳಿಗೆ ನೀತಿ ಮಾಡುವಲ್ಲಿ ಜಾಗ ಇಲ್ಲ ಅಂತಾರಲ್ಲ, ಅಂಥವರು ನೋಡಲಿ. ಅವರ ಹೆಸರು ಹಾಕಮ್ಮಾ. ನರ್ಸಿಂಗ್ ಪ್ರತಿನಿಧಿ ಅಂತ ಅಲ್ಲ, ಪೂರ್ತಿ ಹೆಸರು." ಅರ್ಪಿತಾ ಹೆಸರು ಕೇಳಿದಳು. ಸುಮಿತ್ರಾಗೆ ಹೇಳದೆ ಇರಲು ಆಗಲಿಲ್ಲ, ತನ್ನ ಹೆಸರು ಕೇಳಿದರೆ ಯಾರಾದರೂ ಏನು ಮಾಡಲಾದೀತು? ಗೋಡೆಯ ಮೇಲೆ ಆವರಣ ಚಿಹ್ನೆಯೊಳಗೆ ಮೂಡಿತು: ಶ್ರೀಮತಿ ಸುಮಿತ್ರಾ ಅವರ ಸಲಹೆಯಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಫೋಟೋ ತೆಗೆದರು. ಡಾಕ್ಟರು ಅವಳ ಕಡೆ ಬಾಗಿ ಕನ್ನಡದಲ್ಲಿ, "ಮರತಿಲ್ಲ ನೋಡ್ರಿ ನೀವು," ಎಂದರು.

"ಇಲ್ರಿ ಸರ್," ಎಂದಳು.

ಕ್ಷಣದಲ್ಲಿ ಕೋಣೆ ಖಾಲಿಯಾಯಿತು. ಚೀಲಗಳು ಚಕ್ರದ ಮೇಲೆ ಗಡಗಡ ಹೋದವು. ಬೇರರ್‌ಗಳು ಬಟ್ಟೆ ಸುತ್ತುತ್ತಿದ್ದರು, ಅವಳ ಮೊದಲಿನ ಜಾಗದಲ್ಲಿ ಆ ಎರಡು ಕಪ್ಪುಗಳು ಇನ್ನೂ ಇದ್ದವು. ಅವಳು ಲ್ಯಾಪ್‌ಟಾಪ್ ಮಡಚುತ್ತಿದ್ದ ಅರ್ಪಿತಾಳ ಹತ್ತಿರ ಹೋದಳು.

"ಅಮ್ಮಾ, ಆ ಕೊನೇ ಮಾತು ತೆಗೀಬಹುದಾ? ನಾನು ಬಾಯಿತಪ್ಪಿ ಅಂದೆ."

ಬೆಂಗಳೂರಿನ ಹುಡುಗಿ, ಕನ್ನಡ ಕೇಳಿ ಮುಖ ಅರಳಿತು, ಆಮೇಲೆ ಮಾತು ಅರ್ಥವಾಗಿ ಬಾಡಿತು. "ಅಯ್ಯೋ ಮೇಡಂ, ಎಲ್ಲರಿಗೂ ಮೇಲ್ ಹೋಗಿಬಿಟ್ಟಿದೆ. ನಾನು ತೆಗೆಯೋ ಹಾಗಿಲ್ಲ. ಚೇರ್ಮನ್ ಸರ್ ಹೇಳಿದ್ರೆ ಆಗುತ್ತೆ, ಒಂದು ಸಲ ಅವರನ್ನ ಕೇಳಿ, ಇನ್ನೂ ಕೆಳಗಿರಬಹುದು." ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕುತ್ತ, "ನೀವು ಅಷ್ಟು ಚೆನ್ನಾಗಿ ಮಾತಾಡಿದ್ರಿ ಮೊದಲು," ಎಂದಳು. ಅವಳು ಹೇಳಿದ ಆ ‘ಮೊದಲು’ ಸುಮಿತ್ರಾಗೆ ತಾಗಿತು.

ಮೆಟ್ಟಿಲು ಇಳಿದು ಓಡಿದಳು. ಓಡುವ ಮುಂಚೆ ಡಾಕ್ಟರ ಕುರ್ಚಿಯ ಎದುರು ಅವರು ಮರೆತಿದ್ದ ಕನ್ನಡಕದ ಡಬ್ಬಿಯನ್ನು ಎತ್ತಿಕೊಂಡಿದ್ದಳು, ಅದು ಕೈಯಲ್ಲಿರುವುದು ಗೊತ್ತಾದದ್ದೇ ಕಾರಿನ ಹತ್ತಿರ ಹೋದ ಮೇಲೆ. ಹೊರಗೆ ಬಿಸಿಲು ಕಣ್ಣಿಗೆ ಹೊಡೆಯಿತು. ಡಾಕ್ಟರು ಹಿಂದಿನ ಸೀಟಿನಲ್ಲಿ ಕೂತಾಗಿತ್ತು, ಜೇಬು ತಡಕಾಡುತ್ತಿದ್ದರು. ಅವಳನ್ನು ಕಂಡು ಕಿಟಕಿ ಇಳಿಸಿ ಕೈ ಹೊರಗೆ ಚಾಚಿದರು. ಇದನ್ನು ಕೊಡುವ ಮುಂಚೆ ಹೇಳಬೇಕು, ಡಬ್ಬಿ ನನ್ನ ಕೈಯಲ್ಲಿ ಇರುವವರೆಗೆ ಕಾರು ಹೋಗುವುದಿಲ್ಲ, ಎಂದು ಅವಳ ತಲೆ ಸರಿಯಾಗಿಯೇ ಹೇಳಿತು. ಅಷ್ಟರಲ್ಲಿ ಕೈ ಅದನ್ನು ಕೊಟ್ಟಾಗಿತ್ತು.

"ಏನರೆ ಹೇಳೂದಿತ್ತೇನ್ರಿ ಸಿಸ್ಟರ್? ಓಡಿ ಬಂದ್ರಿ?"

ಅವರ ಮುಖದಲ್ಲಿ ಪ್ರೀತಿಯೇ ಇತ್ತು. ಅದೇ ಅವಳ ಬಾಯಿ ಕಟ್ಟಿತು.

"ಏನಿಲ್ರಿ ಸರ್. ಡಬ್ಬಿ ಬಿಟ್ಟಿದ್ರಿ, ಅದಕ್ಕ."

ಮರುದಿನ ರತ್ನಾಚಲ ಎಕ್ಸ್‌ಪ್ರೆಸ್ಸಿನಲ್ಲಿ ಕೂತು ಊರಿಗೆ ಹೊರಟಳು. ಕಿಟಕಿಯ ಆಚೆ ಗೋದಾವರಿ ಬಂತು ಹೋಯಿತು, ಎದುರಿನ ಸೀಟಿನ ಹೆಂಗಸು ನದಿಗೆ ಕೈಮುಗಿದು ನಾಣ್ಯ ಎಸೆದಳು. ಸುಮಿತ್ರಾ ಫೋನು ನೋಡುತ್ತಿದ್ದಳು. ಡಾಕ್ಟರ್ ಶೇಷಗಿರಿ ಆಸ್ಪತ್ರೆಯ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದ್ದರು, ಜೊತೆಗೆ ಆ ಪುಟವನ್ನೂ. ನಮ್ಮ ಸಿಸ್ಟರ್, ನಮ್ಮ ಹೆಮ್ಮೆ. ಕೆಳಗೆ ಡಾಕ್ಟರುಗಳ ಹೂವು, ಚಪ್ಪಾಳೆ, ಮುಗಿದ ಕೈಗಳು ಸಾಲ್ಗಟ್ಟಿ ಬಿದ್ದಿದ್ದವು. ನರ್ಸುಗಳಲ್ಲಿ ಒಬ್ಬರೂ ಏನೂ ಹಾಕಿರಲಿಲ್ಲ. ಎಲ್ಲರೂ ನೋಡಿರಲೇಬೇಕು, ಒಬ್ಬೊಬ್ಬರೂ ಆನ್‌ಲೈನ್ ಬಂದು ಹೋಗಿದ್ದನ್ನು ಫೋನೇ ತೋರಿಸುತ್ತಿತ್ತು. ಹಿಮಬಿಂದುಗೆ ಫೋನು ಮಾಡಿದಳು, ಎತ್ತಲಿಲ್ಲ. ತುನಿ ದಾಟಿದ ಮೇಲೆ ಮತ್ತೆ ಮಾಡಿದಳು. ಪಾಳಿ ಮುಗಿಸಿ ಮಲಗಿರಬೇಕು ಎಂದು ತನಗೇ ಸಮಾಧಾನ ಹೇಳಿಕೊಂಡಳು. ಏನು ಹೇಳುವುದೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಳು: ಹೇಳಿದೆನವ್ವಾ, ಇರಲೇಬೇಕು ಅಂತಲೇ ಹೇಳಿದೆ, ಗೋಡೆಯ ಮೇಲೆ ಬಂದಿತ್ತು. ಅಷ್ಟು ನಿಜ. ಅದರ ಮುಂದಿನದನ್ನು ಹೇಗೆ ಹೇಳುವುದು? ಕೈ ಚಾಚಿದರು, ಕೊಟ್ಟೆ ಎಂದರೆ ಯಾರಿಗೆ ಅರ್ಥವಾಗುತ್ತದೆ? ಕೋಟೇಶ್ವರಮ್ಮನಿಗೆ ಅರ್ಥವಾಗಬಹುದು. ಬಾತ್‌ರೂಮಿನಲ್ಲಿ ಅತ್ತವಳಿಗೆ. ಅವಳಿಗೆ ಹೇಳುವ ಮುಖ ತನಗೆಲ್ಲಿದೆ?

ಮನೆಗೆ ಹೋಗಿ ಸೀರೆ ಬದಲಿಸಿ, ಬಿಳಿ ಉಟ್ಟು, ಸಂಜೆ ಪಾಳಿ ಬದಲಾಗುವ ಹೊತ್ತಿಗೆ ಆಸ್ಪತ್ರೆಗೆ ಬಂದಳು. ನರ್ಸುಗಳ ಕೋಣೆಯ ಬಾಗಿಲು ತಳ್ಳಿದಾಗ ಮಾತು ನಿಂತಿತು. ಒಳಗೆ ಕೂತಿದ್ದವರೆಲ್ಲ ಎದ್ದು ನಿಂತರು. ಇಷ್ಟು ವರ್ಷ ಅವಳು ಬಂದರೆ ಯಾರೂ ಎದ್ದವರಲ್ಲ. ಬಾ ಅಕ್ಕಾ ಎಂದು ಡಬ್ಬಿಯ ಮುಚ್ಚಳದಲ್ಲಿ ಏನಾದರೂ ತಿನ್ನಲು ಹಾಕಿಕೊಡುತ್ತಿದ್ದರು. ಈಗ ಗೋಡೆಗೆ ಒತ್ತಿ ದಾರಿ ಬಿಟ್ಟು ನಿಂತರು, ಡಾಕ್ಟರು ಬಂದರೆ ನಿಲ್ಲುವ ಹಾಗೆ. ಆಡಳಿತ ಕಚೇರಿಯವರು ಕಳಿಸಿದ್ದ ಕೇಕು ಮೇಜಿನ ಮೇಲಿತ್ತು, ಮೇಲೆ ಅವಳ ಹೆಸರು, ಪೂರ್ತಿ ಹೆಸರು. ಯಾರೂ ಅದನ್ನು ಮುಟ್ಟಿರಲಿಲ್ಲ. ಹಿಮಬಿಂದು ತಾನು ಕೂತಿದ್ದ ಕುರ್ಚಿಯನ್ನು ಮುಂದಕ್ಕೆ ಸರಿಸಿದಳು.

"ಕೂತ್ಕೊಳ್ಳಿ ಮೇಡಂ."

"ನಾನು ಹೇಳಿದೆ ಹಿಮಾ. ಇರ್ಲೇಬೇಕು ಅಂತನೇ ಹೇಳಿದೆ. ಬರೆದಿದ್ರು ಕೂಡ."

"ಅವುನು ಮೇಡಂ," ಎಂದಳು ತೆಲುಗಿನಲ್ಲಿ. "ನೋಡಿದೆ."

"ಆ ಕೊನೇ ಮಾತು..." ಸುಮಿತ್ರಾ ನಿಲ್ಲಿಸಿದಳು. ಕೋಣೆಯ ತುಂಬ ಬಿಳಿ ಸೀರೆಗಳು ಕಾಯುತ್ತಿದ್ದವು. "ಅದು ನಾನಲ್ಲ. ಡಾಕ್ಟರು ಹೇಳಿದ್ದು. ಹೆಸರು ಮಾತ್ರ ನಂದು ಹಾಕಿಸಿದ್ರು."

ತಾನು ಮಾಡಿದ ಒಂದು ಕೆಲಸ ಡಾಕ್ಟರ ಹೆಸರಿಗೆ ಹೋಗಲಿ ಎಂದು ಅವಳು ಜೀವಮಾನದಲ್ಲಿ ಮೊದಲ ಸಲ ಬಯಸಿದಳು, ಎಷ್ಟು ಬಯಸಿದಳೆಂದರೆ ಹೇಳುವಾಗ ಧ್ವನಿ ಕೂಡ ನಡುಗಲಿಲ್ಲ. ಹಿಮಬಿಂದು ಅವಳನ್ನು ನೋಡಿದಳು. ಸಬ್ಜೆಕ್ಟ್ ಟು ಅವೈಲಬಿಲಿಟಿ ಎಂಬುದು ಯಾರ ಬಾಯಿಯ ಮಾತು, ಯಾವ ಕೋಣೆಯಲ್ಲಿ ಎಷ್ಟು ಸಲ ನಕ್ಕ ಮಾತು ಎಂಬುದು ಅವಳಿಗೆ ಗೊತ್ತಿತ್ತು. ಡಾಕ್ಟರ್ ಶೇಷಗಿರಿಯವರು ಉಗ್ರಾಣದ ಕಿಟಕಿಯ ಹತ್ತಿರ ಯಾವತ್ತು ಹೋಗಿದ್ದರು?

"ಸರೇ ಮೇಡಂ," ಎಂದಳು.

ಗಂಟೆ ಹೊಡೆಯಿತು. ಹಗಲಿನವರು ಚೀಲ ಎತ್ತಿಕೊಂಡರು, ಒಬ್ಬೊಬ್ಬರೇ ಅವಳ ಮೈಗೆ ತಾಗದಂತೆ ಬಾಗಿಲು ದಾಟಿದರು. ರಾತ್ರಿಯ ಪಾಳಿಗೆ ಹಿಮಬಿಂದು ಉಳಿದಳು. ಔಷಧಿ ಬೀರುಗಳ ಬೀಗದ ಕೈಗಳನ್ನು ಒಪ್ಪಿಸುವುದು ಹೆಡ್ ನರ್ಸಿನ ಕೆಲಸ. ಹಗಲಿನವರು ಕೇಕಿನ ಪಕ್ಕ ಇಟ್ಟು ಹೋದ ಗೊಂಚಲನ್ನು ಸುಮಿತ್ರಾ ಎತ್ತಿಕೊಂಡಳು. ಹಿಮಬಿಂದು ಅಂಗೈ ಚಾಚಿದಳು. ಮೊನ್ನೆ ಆಣೆಗೆಂದು ಚಾಚಿದ ಅಂಗೈ. ಸುಮಿತ್ರಾ ಈಚೆಯ ವಾರ್ಡಿನ ಬೀಗದ ಕೈ ಅದರ ಮೇಲಿಟ್ಟಳು. ಬೆರಳು ಮುಚ್ಚಲಿಲ್ಲ. ಹಿಮಬಿಂದು ಕಾರಿಡಾರಿನ ಕಡೆ ನೋಡುತ್ತ ನಿಂತಿದ್ದಳು, ಅಂಗೈ ಹಾಗೇ ತೆರೆದಿತ್ತು, ಕಾಯುತ್ತಿತ್ತು. ಬೇರೆ ಯಾರೂ ಬರುವವರಿರಲಿಲ್ಲ. ಆಚೆಯ ವಾರ್ಡಿನ ಬೀಗದ ಕೈಯನ್ನೂ ಸುಮಿತ್ರಾ ಅದೇ ಅಂಗೈ ಮೇಲೆ ಇಟ್ಟಳು.